ಸಿಸ್ಟಮ್ ಹೇಳಿದ ಹೆಸರು

ಕಿತ್ತಳೆಯ ವಾಸನೆ, ಮೆಟ್ರೋದ ಹೆಂಗಸರ ಬೋಗಿಯಲ್ಲಿ ಯಾರೋ ಸುಲಿಯುತ್ತಿದ್ದಾರೆ, ಒಳಗೆ ಏನೂ ತಿನ್ನಕೂಡದು ಅಂತ ಮೈಕಿನಲ್ಲಿ ಆಗಿನಿಂದ ಹೇಳುತ್ತಿದ್ದರೂ, ಬಾಗಿಲ ಬಳಿಯ ಹಸಿರು ದುಪಟ್ಟಾದವಳೇ ಇರಬೇಕು, ಕೈ ಬ್ಯಾಗಿನೊಳಗೆ, ಕಣ್ಣು ಮಾತ್ರ ಎಲ್ಲರ ಮುಖದ ಮೇಲೆ — ತಿನ್ನಲಿ ಬಿಡು, ಡ್ಯೂಟಿ ಮುಗಿಯಿತಲ್ಲ, ಲೀಲಾ ಸೀಟಿಗೆ ಒರಗಿದಳು, ಯಾರಿಗೆ ಬೇಕು ಈ ಕಣ್ಣು, ವಿಮಾನ ನಿಲ್ದಾಣದ ಪರದೆಯ ಹಿಂದೆ ಇಪ್ಪತ್ತು ವರ್ಷ ಹೆಂಗಸರನ್ನು ತಪಾಸಣೆ ಮಾಡಿ ಪಳಗಿದ ಕಣ್ಣು, ಸರ್ಕಾರಿ ನೌಕರಿ ಬಿಟ್ಟ ಮೇಲೆ ಮನೆಗೇ ಬಂದು ಕರೆದವನು ಇದೇ ಹೃಷಿಕೇಶ್, ಗುರುಗ್ರಾಮದ ಫೋನ್ ಕಂಪನಿಯ ಸೆಕ್ಯುರಿಟಿ ಹೆಡ್, ದೆಹಲಿಯಲ್ಲೇ ಬೆಳೆದ ಕನ್ನಡದವನು, ಲೀಲಾ ಜೀ, ನಿಮ್ಮ ನಜರ್ ಬೇಕು ನಮಗೆ, ಅಂದಿದ್ದ, ಆಗ ಅವನಿಗೆ ಈ ಸಿಸ್ಟಮ್ ಇರಲಿಲ್ಲ, ಈಗ ಕ್ಯಾಮೆರಾಗಳೂ ಬಾಗಿಲುಗಳೂ ಸೇರಿ ಒಬ್ಬೊಬ್ಬರಿಗೂ ಒಂದೊಂದು ಅಂಕ ಕೊಡುತ್ತವೆ, ಯಾರು ಅಪಾಯ, ಯಾರು ಅಲ್ಲ, ಇವತ್ತು ಮಾರುಕಟ್ಟೆಗೆ ಬರದ ಹೊಸ ಫೋನೊಂದು ಕಾಣೆಯಾಯಿತು, ಕಂಪ್ಯೂಟರ್ ತೆಗೆದುಕೊಟ್ಟದ್ದು ಒಂದೇ ಹೆಸರು, ಧನ್ಯಾ. ಧನ್ಯಾ! ತುಮಕೂರಿನ ಹುಡುಗಿ, ದಿನಾ ಗೇಟಿನಲ್ಲಿ ಊಟ ಆಯ್ತಾ ಲೀಲಕ್ಕ ಅಂತ ಕೇಳಿಯೇ ಒಳಗೆ ಹೋಗುವವಳು, ಲೀಲಾ ಹೇಳಿದ್ದಳು, ಅವಳಲ್ಲ ಸರ್, ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಕದ್ದವರ ನಡಿಗೆಯೇ ಬೇರೆ, ಅಚ್ಛಾ, ನಿಮ್ಮ ಕಡೆಯ ಹುಡುಗಿ ಅಂತಾನಾ, ಅಂದ ಹೃಷಿಕೇಶ್, ಆ ಮಾತು ಮುಳ್ಳಿನ ಹಾಗೆ ನಾಟಿತು, ನಿಜವೇ ಇರಬಹುದೇ, ಕನ್ನಡ ಕೇಳಿದ ಕೂಡಲೇ ಕಣ್ಣು ಮಂಜಾಯಿತೇ, ಆ ಒಂದು ಗಳಿಗೆಯ ಅನುಮಾನದಲ್ಲೇ ಸೋತಳು, ಕ್ಯಾಬಿನ್ನಿನ ಒಳಗಾದರೂ ಚೆಕ್ ಮಾಡ್ತೀನಿ ಅಂದಳು, ನಹೀಂ, ಲಾಬಿಯಲ್ಲೇ ಆಗಲಿ, ಎಲ್ರೂ ನೋಡ್ಲಿ, ಡರ್ ಇರಬೇಕು, ಹೆದರಿಕೆ. ಬೇರೆಯವಳು ಮಾಡುವುದಕ್ಕಿಂತ ತಾನೇ ಮಾಡಿದರೆ ಮೆತ್ತಗೆ ಮುಗಿದೀತು ಅಂದುಕೊಂಡಳಲ್ಲ, ಎಂಥಾ ಮೂರ್ಖತನ, ಕೈಗೆ ಮೆತ್ತಗೆ ಅನ್ನುವುದು ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರುವುದು ಹುಡುಕುವುದೊಂದೇ, ಕುರ್ತಾದ ಮೇಲೆ ಹೊಟ್ಟೆಯ ಬಳಿ ಏನೋ ಗಟ್ಟಿ ಸಿಕ್ಕಿತು, ಕೈ ನಿಂತಿತು, ನಿಲ್ಲದೆ ಮುಂದೆ ಸರಿದಿದ್ದರೆ ಯಾರಿಗೆ ತಿಳಿಯುತ್ತಿತ್ತು, ನಿಂತಿತು, ಹೃಷಿಕೇಶ್ ನೋಡಿಬಿಟ್ಟ, ಕ್ಯಾ ಹೈ, ತೋರಿಸಿ, ಧನ್ಯಾ ಪಿಸುಗುಟ್ಟಿದಳು, ಲೀಲಕ್ಕ, ಅದು ಇನ್ಸುಲಿನ್ ಪಂಪು, ಪ್ಲೀಸ್, ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ — ಕುರ್ತಾ ಸರಿಸಬೇಕಾಯಿತು, ಲಿಫ್ಟಿಗೆ ಕಾಯುತ್ತಿದ್ದವರು, ಕಾಫಿ ಹಿಡಿದು ನಿಂತವರು, ಎಲ್ಲರೂ ನೋಡಿದರು, ಹೊಟ್ಟೆಗೆ ಅಂಟಿಸಿದ ಬಿಳಿ ಪ್ಲಾಸ್ಟಿಕ್ಕಿನ ಚೂರು, ಅದರ ಸುತ್ತ ಕೆಂಪಗಾದ ಚರ್ಮ, ಅಷ್ಟೇ, ಇನ್ನೇನೂ ಇಲ್ಲ.

ಮಧ್ಯಾಹ್ನ ಫೋನ್ ಸಿಕ್ಕಿತು, ಡೈರೆಕ್ಟರ್ ಸಾಹೇಬರ ಕಾರಿನ ಹಿಂದಿನ ಸೀಟಿನಲ್ಲಿ, ಅವರೇ ಒಯ್ದು ಮರೆತಿದ್ದರಂತೆ, ನಗುತ್ತಾ ಹೇಳಿದರಂತೆ. ನಾನು ಹೇಳಿರಲಿಲ್ಲವಾ ಸರ್, ಅಂದಳು ಲೀಲಾ, ಹೃಷಿಕೇಶ್ ಲ್ಯಾಪ್‌ಟಾಪಿನಿಂದ ಮುಖ ಎತ್ತಲಿಲ್ಲ, ಹೇಳಿದ್ರಿ ಲೀಲಾ ಜೀ, ಆದರೆ ಸೋಚಿಯೇ, ಯೋಚನೆ ಮಾಡಿ, ನಿಮ್ಮ ಮಾತು ಕೇಳಿ ತಪ್ಪಾಗಿದ್ರೆ ನನ್ನ ಕೆಲಸ ಹೋಗ್ತಿತ್ತು, ಸಿಸ್ಟಮ್ ತಪ್ಪು ಮಾಡಿದ್ರೆ ಯಾರ ಕೆಲಸವೂ ಹೋಗಲ್ಲ, ವೈಸೇ, ನೀವು ಚೆಕ್ ಮಾಡಿದ್ದು ತುಂಬಾ ಪ್ರೊಫೆಷನಲ್ ಆಗಿತ್ತು, ಅವನು ವ್ಯಂಗ್ಯ ಮಾಡಲಿಲ್ಲ, ಮನಸಾರೆ ಹೊಗಳಿದ, ಅದೇ ತಲೆಯಿಂದ ಹೋಗುತ್ತಿಲ್ಲ, ಕಿತ್ತಳೆಯ ವಾಸನೆ ತಡೆಯದೆ ಮುಖ ಕಿಟಕಿಯ ಕಡೆ ತಿರುಗಿಸಿದಳು, ಯಾರೂ ಧನ್ಯಾಳನ್ನು ಕರೆದು ತಪ್ಪಾಯಿತು ಅನ್ನಲಿಲ್ಲ, ತಾನಾದರೂ ಅನ್ನೋಣ ಅಂತ ಸಂಜೆ ಗೇಟಿನಲ್ಲೇ ಕಾದಳು, ಧನ್ಯಾ ಬಂದಳು, ಒಬ್ಬಳೇ, ಫೋನ್ ಸಿಕ್ತಮ್ಮಾ, ನೀನು ಹೋಗು, ನಿನ್ನನ್ನು ಚೆಕ್ ಮಾಡೋದೇನೂ ಬೇಡ, ಧನ್ಯಾ ಬ್ಯಾಗನ್ನು ಮೇಜಿನ ಮೇಲಿಟ್ಟಳು, ಕಾಲು ಅಗಲಿಸಿ ನಿಂತಳು, ಎರಡೂ ಕೈಗಳನ್ನು ಅಗಲಕ್ಕೆ ಎತ್ತಿದಳು, ಬೇಡ ಕಣಮ್ಮ, ಕೈ ಇಳಿಸು, ಲೀಲಾಳ ತಲೆಯಾಚೆ ಎಲ್ಲೋ ನೋಡುತ್ತಾ, ಚೆಕ್ ಮಾಡಿ ಮೇಡಂ, ಅಂದಳು, ಮೇಡಂ — ಜೋರ್ ಬಾಗ್ ಸ್ಟೇಷನ್ ಬಂತು, ಇಳಿಯಬೇಕು, ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಗಂಡ ಚಹಾಕ್ಕೆ ನೀರಿಟ್ಟಿರುತ್ತಾರೆ, ಬಾಗಿಲು ತೆರೆಯಿತು, ಮುಚ್ಚಿತು, ಲೀಲಾ ಏಳಲಿಲ್ಲ, ಕೈ ಇಳಿಸಮ್ಮಾ, ನಿನ್ನ ದಮ್ಮಯ್ಯ, ಹಿಂದೆ ಸಾಲು ಬೆಳೆಯುತ್ತಿತ್ತು, ಇಳಿಸಲಿಲ್ಲ, ಎರಡು ಕೈ, ಎತ್ತಿದ್ದು ಎತ್ತಿದ ಹಾಗೇ, ಎರಡು ಕೈ