ಸೀತನಿಯ ಕುಣಿ, ಖಂಡಪ್ಪನ ಎದೆಯುರಿ

ನಿಜಾಮರ ಕಾಲದ ಮಾತು. ನರೋಣಾದ ಮಲ್ಕಮ್ಮನಿಗೆ ಒಂದೇ ಕುತೂಹಲ: ಹೊಲದ ಕುಣಿಯಲ್ಲಿ ಜೋಳದ ತೆನೆ ಸುಟ್ಟ ಬೆಂಕಿ, ಆರಿದ ಮೇಲೆ ಗಂಡನ ಎದೆಯೊಳಗೆ ಹೇಗೆ ಹೋಗಿ ಕೂಡುತ್ತದೆ?

ಗಂಡ ಖಂಡಪ್ಪ ಬಿಸಿ ಸೀತನಿಯನ್ನು, ಅಂದರೆ ಸುಟ್ಟ ಎಳೆ ಜೋಳದ ಕಾಳನ್ನು, ಬೆಳ್ಳುಳ್ಳಿ ಖಾರದ ಜೊತೆ ಹೊಟ್ಟೆ ಬಿರಿಯೆ ತಿಂದು, ಬದುವಿನ ಮೇಲೆ ಅಡ್ಡಾಗುವನು. ಎದೆ ಉರಿದ ಕೂಡಲೇ ಹಪ್ಪಳಕ್ಕೆಂದು ತಂದಿಟ್ಟ ಸೋಡಾ ಅಂಗೈ ತುಂಬ ಬಾಯಿಗೆ ಸುರಿದು ನೀರು ಕುಡಿಯುವನು. ತೇಗು ಬಂದರೆ ಬೇನೆ ಹೋಯಿತೆಂದೇ ಅವನ ನಂಬಿಕೆ. ಬರಬರುತ್ತ ಅದು ದಿನದ ರೂಢಿಯಾಯಿತು. ಡಬ್ಬಿ ಬರಿದಾದಂತೆ ಅವನೂ ಸೊರಗಿದ.

ಪಕ್ಕದ ಮನೆಯ ಸರ್ವರಬೇಗಂ ಆಳಂದದ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಅವಳು ಊರಿಗೆ ಬಂದ ದಿನ ಮಲ್ಕಮ್ಮ ಕೇಳಿದಳು, “ಆಪಾ, ಸೋಡಾ ಹೊಟ್ಯಾಗ ಹೋಗಿ ಏನ್ ಮಾಡ್ತದರಿ?”

“ಅಡಗಿ ಮನಿ ಸಾಮಾನದು. ಅದರಿಂದ ಯಾರರ ಸತ್ತಾರೇನು?” ಎಂದ ಖಂಡಪ್ಪ.

“ತಂಬಗಿಯೊಳಗ ಹುಣಸಿ ನೀರು ತಾ ಬೇ,” ಎಂದಳು ಸರ್ವರಬೇಗಂ ಮಲ್ಕಮ್ಮನಿಗೆ.

ಚಿಟಿಕೆ ಸೋಡಾ ಹಾಕಿದಳು. ಸುಂಯ್ ಎಂದು ನೊರೆ ಎದ್ದು ಇಳಿಯಿತು. ಖಂಡಪ್ಪನ ಅಳತೆಯಲ್ಲಿ ಅಂಗೈ ತುಂಬ ಹಾಕಿದಳು. ನೊರೆ ಉಕ್ಕಿ ಅವನ ಪಾದದವರೆಗೆ ಹರಿಯಿತು.

“ತುಂಬಿದ ಹೊಟ್ಟಿ ಹಿಂಗ ಉಬ್ಬತದ ಭಾಯಿ. ಹೊಟ್ಟಿ ಹರದು ಜೀವಕ್ಕ ಕುತ್ತು ಬರಬಹುದು.”

“ನನ್ನ ಹೊಟ್ಟಿ ತಂಬಗಿ ಏನ್ರಿ ಆಪಾ?”

“ತಂಬಗಿ ಆಗಿದ್ರ ಛಲೋ ಇತ್ತು. ತೂತು ಬಿದ್ರ ಬೆಸಗಿ ಹಾಕಸ್ತಿದ್ವಿ.”

ಮಲ್ಕಮ್ಮನಿಗೆ ನಗು ಬರಲಿಲ್ಲ. “ಸೋಡಾದಿಂದ ಹೊಟ್ಯಾಗಿನ ಹುಳಿ ಇಳೀತದ, ಖರೇ. ಮತ್ತ ಉರಿ ದಿನಾ ಯಾಕ ಬರ್ತದರಿ?”

ಸರ್ವರಬೇಗಂ ಖಂಡಪ್ಪನ ಮುಖ ನೋಡಿದಳು. “ಒಳಗ ಹುಣ್ಣಾಗಿದ್ರ ಸೋಡಾ ಉರಿ ಮುಚ್ಚತದ, ಹುಣ್ಣು ಮಾಯಸಂಗಿಲ್ಲ. ಹೊರಕಡಿ ಹೋದಾಗ ಕರ್ರಗ ಹೋಗ್ತದೇನು ಭಾಯಿ?”

ಖಂಡಪ್ಪ ಪಾದದ ಮೇಲಿನ ನೊರೆ ಒರೆಸಿಕೊಂಡ. “ಮೊನ್ನಿಂದ… ಗಾಡಿ ಕೀಲೆಣ್ಣಿ ಹಂಗ.”

“ಒಳಗ ರಕ್ತ ಹೋಗಾಕತ್ತದ. ಈಗೇ ನಡೀರಿ.”

ಮಲ್ಕಮ್ಮ ಆಗಲೇ ಗಾಡಿಗೆ ಹುಲ್ಲು ಹಾಸುತ್ತಿದ್ದಳು.

ಆಳಂದದ ಡಾಕ್ಟರರೂ ಹುಣ್ಣೆಂದೇ ಹೇಳಿದರು. ಮಾಯಲು ಬಹಳ ದಿನ ಹಿಡಿಯಿತು. ಮುಂದಿನ ವರ್ಷ ಖಂಡಪ್ಪ ಸೀತನಿಯನ್ನು ಹಿತಮಿತವಾಗಿ, ಖಾರ ಬಿಟ್ಟು ತಿಂದ. ತಿಂದು ಮಲಗದೆ ಹೊಲ ಸುತ್ತಿದ. ಆ ವರ್ಷ ಹಪ್ಪಳಕ್ಕೆ ಸೋಡಾ ಕೊರತೆಯಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಎಂದೋ ಒಮ್ಮೆ ಎದೆ ಉರಿದರೆ ಅಂಗಡಿಯ ಗುಳಿಗೆ, ಪುಡಿ ತೆಗೆದುಕೊಳ್ಳಬಹುದು. ಆದರೆ ಪೊಟ್ಟಣದ ಮೇಲಿನ ಅಳತೆಯನ್ನು ಓದಿ, ಇಲ್ಲವೇ ಓದಿಸಿಕೊಂಡು, ಅಷ್ಟೇ ತೆಗೆದುಕೊಳ್ಳಿ. ಪುಡಿ ನೀರಿನಲ್ಲಿ ಪೂರ್ತಿ ಕರಗಲಿ; ಹೊಟ್ಟೆ ಬಿರಿಯುವಂತೆ ಉಂಡಾಗ ಬೇಡ. ಬಸುರಿಯರು, ಮಕ್ಕಳು, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವವರು, ಬೇರೆ ಔಷಧಿ ನುಂಗುವವರು ಮೊದಲು ಡಾಕ್ಟರರನ್ನು ಕೇಳಿ. ಉರಿ ಮರಳಿ ಮರಳಿ ಬಂದರೆ, ಮೈ ಇಳಿದರೆ, ನುಂಗಲು ಕಷ್ಟವಾದರೆ ತೋರಿಸಿಕೊಳ್ಳಿ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ಎದೆನೋವು ತೋಳಿಗೆ ಇಳಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ಮಲ್ಕಮ್ಮ ಕೇಳಿದ್ದನ್ನು ನಿಮ್ಮ ಮನೆಯಲ್ಲೂ ಯಾರಾದರೂ ಕೇಳಲಿ: ಉರಿ ದಿನಾ ಯಾಕ ಬರ್ತದ?