ವೆರ್ಲಾಳ ಬರ್ಚ್ ಮರ

ಶವಪೆಟ್ಟಿಗೆಯ ಮೇಲಿದ್ದ ಹೂವಿನ ಅಲಂಕಾರದಿಂದ ಆರ್ಡೆಲ್ ಬಿಳಿ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ.

"ಏನ್ ಮಾಡ್ತಿದೀಯ ಮಾವ? ಅಮ್ಮಂಗೆ ಬರ್ಚ್ ಇಷ್ಟ ಅಂತ ನಾನೇ ಹಾಕಿಸಿದ್ದು!" ಎಂದಳು ಸತ್ತವಳ ಮಗಳು ಜೋಲೀನ್.

"ಇದು ಅಂಗಡಿ ಬರ್ಚು. ನಿಮ್ಮಮ್ಮನ ಮರದ ತೊಗಟೆ ಕೆಂಪು. ಇದನ್ನ ನೋಡಿದ್ರೆ ಎದ್ದು ಕೂತ್ಕೊಂಡು ಬೈತಾಳೆ."

ಬೈಯುವವಳೇ. ವೆರ್ಲಾ ಊರ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವಳು. ರಜೆ ಬಂದರೆ ಸಾಕು, ಕಮರಿಗಳನ್ನು ಹೊಕ್ಕು ಗಿಡ ಕೊಯ್ದು, ವಾರಪತ್ರಿಕೆಯ ಹಾಳೆಗಳಲ್ಲಿ ಮಡಿಸಿ, ಎರಡು ಹಲಗೆಗಳ ನಡುವೆ ಬಿಗಿದು ಒಣಗಿಸಿ, ವಿಶ್ವವಿದ್ಯಾಲಯದ ಸಸ್ಯಸಂಗ್ರಹಕ್ಕೆ ಕಳಿಸುತ್ತಿದ್ದಳು. ವಿನಯ ಅವಳ ಹತ್ತಿರವೂ ಸುಳಿದದ್ದಿಲ್ಲ. ಹೇಸರಗತ್ತೆ ಕಮರಿಯಲ್ಲಿ ಬರ್ಚ್ ಕಂಡವಳು ತಾನೊಬ್ಬಳೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನಮ್ಮ ಭೂರ್ಜದ ದಾಯಾದಿ ಈ ಮರ. ನೀರಿನ ಪಸೆ ಇಲ್ಲದಿದ್ದರೆ ಬದುಕದು. ಯೂಟಾದ ಆ ಕೆಂಪು ಬಂಡೆಗಳ ನಡುವೆ ಅದು ಇದೆಯೆಂದರೆ ಜಂಬಪಡುವ ಸಂಗತಿಯೇ.

ಬಾಗಿಲಲ್ಲಿ ಮಾರಿಟ್ ನಿಂತಿದ್ದಳು. ಸಸ್ಯಸಂಗ್ರಹದ ಮುಖ್ಯಸ್ಥೆ. ಆರ್ಡೆಲ್ ಅವಳನ್ನು ನೋಡಿ ಮುಖ ತಿರುಗಿಸಿಕೊಂಡ.

•

ಮೂರು ವರ್ಷದ ಹಿಂದೆ ಮಾರಿಟ್ ಫೋನ್ ಮಾಡಿದಾಗ ವೆರ್ಲಾ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ತಮ್ಮ ಆರ್ಡೆಲ್ ಪಕ್ಕದಲ್ಲೇ ಇದ್ದ.

"ಹುಡುಕಿದ್ವಿ ವೆರ್ಲಾ. ನೀವು ಕಳಿಸಿದ ಕೊಂಬೆಯ ಚೀಟೀಲಿ ಬರ್ದಿರೋ ಹಾಗೇ, ನಿಮ್ಮ ದಿಮ್ಮಿಮನೆಯಿಂದ ಎರಡು ಮೈಲಿ ಮೇಲೆ. ಅಲ್ಲಿ ಬರ್ಚ್ ಇಲ್ಲ. ಬೇರೆ ಕಮರಿ ಮಾದರಿ ಬೆರೆತುಹೋಗಿರ್ಬಹುದು."

"ಬೆರೆಯೋಕೆ ಅದೇನು ಪಾಯಸವಾ? ಕಣ್ಣು ಬಿಟ್ಕೊಂಡು ನಡೀರಿ, ಕಾಣ್ಸುತ್ತೆ!"

ಮತ್ತೊಮ್ಮೆ ಹುಡುಕಿದರು. ಸಿಗಲಿಲ್ಲ. ಆ ಒಣ ಕೊಂಬೆಯ ಹಾಳೆಗೆ ಮಾರಿಟ್ ಒಂದು ಚೀಟಿ ಅಂಟಿಸಿದಳು: ಸ್ಥಳ ಅನುಮಾನಾಸ್ಪದ, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ವೆರ್ಲಾ ಕಾಯಿಲೆಗೆ ಹೆದರಲಿಲ್ಲ, ಆ ಕೊಕ್ಕೆಗೆ ಕುದ್ದುಹೋದಳು. ಕಡೆಯ ವಾರ ತಮ್ಮನ ಕೈ ಹಿಡಿದು, "ಅದನ್ನ ತೆಗೆಸು" ಎಂದಳು. ಆರ್ಡೆಲ್ ಆಗಲಿ ಎಂದ. ಆದರೆ ಹಿಂದೊಮ್ಮೆ ಕಮರಿಗೆ ನುಗ್ಗಿದ್ದ ಪ್ರವಾಹದಲ್ಲಿ ಮರ ಕೊಚ್ಚಿಹೋಗಿದೆ ಎಂದೇ ಅವನ ಭಯ. ಹೋಗಿ ನೋಡಿ, ಇಲ್ಲವೆಂದು ಅಕ್ಕನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ.

•

ಗೋರಿಯ ಮುಂದೆ ಪ್ರಾರ್ಥನೆ ಮುಗಿಯಿತು. ಚರ್ಚಿನ ಸಭಾಂಗಣದಲ್ಲಿ ಊಟಕ್ಕೆ ಕೂತರು. ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆ, ಹಂದಿಮಾಂಸ, ಕ್ಯಾರೆಟ್ ತುರಿದ ಹಸಿರು ಜೆಲ್ಲಿ. ಯಾರು ಸತ್ತರೂ ಅಲ್ಲಿ ಊಟ ಇದೇ.

ಆರ್ಡೆಲ್‌ನ ಚಿಕ್ಕಪ್ಪನ ಮಗಳು ಥೋರಾ ಬಾಯ್ತುಂಬ ಆಲೂಗಡ್ಡೆ ಇಟ್ಟುಕೊಂಡೇ ಕತೆ ಶುರುಮಾಡಿದಳು. "ಪ್ರವಾಹದ ವರ್ಷ ದಿಮ್ಮಿಮನೆ ಎಳೆದದ್ದು ನೆನಪಿದ್ಯಾ? ಅಡಿಗೆ ಉರುಳುದಿಮ್ಮಿ ಕೊಟ್ಟು, ಎರಡು ಟ್ರ್ಯಾಕ್ಟರ್ ಕಟ್ಟಿ ಕಮರಿ ಬಾಯಿಗೆ ತಂದ್ವಿ. ವೆರ್ಲಾ ಜಗಲೀಲಿ ನಿಂತು, ನನ್ನ ಪಿಂಗಾಣಿ ಒಡೆದ್ರೆ ನೋಡಿ ಅಂತ ದಾರಿಯುದ್ದಕ್ಕೂ ಕೂಗಿದ್ದೇ ಕೂಗಿದ್ದು!"

ಎಲ್ಲರೂ ನಕ್ಕರು. ಮಾರಿಟ್ ಚಮಚ ಕೆಳಗಿಟ್ಟಳು.

"ಎಳೆದ್ರಾ? ಮನೇನ? ಎಲ್ಲಿಂದ?"

"ಮೇಲಿಂದ," ಎಂದಳು ಥೋರಾ. "ಮೂರು ಮೈಲಿ ಆಗ್ಬಹುದು. ಅದು ಎಲ್ರಿಗೂ ಗೊತ್ತಲ್ಲ."

"ನನಗೆ ಗೊತ್ತಿಲ್ಲ! ವೆರ್ಲಾ ಬರ್ಚ್ ಕೊಯ್ದಿದ್ದು ಆಮೇಲೋ, ಮೊದ್ಲೋ?"

ಆರ್ಡೆಲ್‌ನ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಬಿತ್ತು. "ಎಷ್ಟೋ ವರ್ಷ ಮೊದ್ಲು. ಅಯ್ಯೋ ದೇವ್ರೇ. ನೀವು ಈಗಿರೋ ಮನೆಯಿಂದ ಅಳೆದ್ರಾ?"

"ಇನ್ಯಾವ ಮನೆಯಿಂದ ಅಳೀಲಿ?"

ಆ ಊರಲ್ಲಿ ಮನೆಗಳನ್ನು ಎಳೆದಾಡುವುದು ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿದಷ್ಟೇ ಸಲೀಸು. ಎಳೆದ ಮೇಲೂ ಅದು ದಿಮ್ಮಿಮನೆಯೇ. ಹೊರಗಿನವರಿಗೆ ಹೇಳಬೇಕೆಂದು ವೆರ್ಲಾಳಿಗೂ ಹೊಳೆದಿರಲಿಲ್ಲ.

"ಏಳಿ," ಎಂದ ಆರ್ಡೆಲ್. "ಜೆಲ್ಲಿ ಎಲ್ಲೂ ಓಡಿಹೋಗಲ್ಲ."

•

ಹಳೆಯ ಮನೆಯ ಅಡಿಗಲ್ಲುಗಳು ಹುಲ್ಲಲ್ಲಿ ಹಾಗೇ ಇದ್ದವು. ಅಲ್ಲಿಂದ ಮುಂದೆ ಟ್ರಕ್ ಹೋಗದು, ನಡೆಯಬೇಕು. ಮುದುಕ ಆರ್ಡೆಲ್ ಅಂತ್ಯಕ್ರಿಯೆಯ ಷೂನಲ್ಲೇ ಕಮರಿಯ ತೊರೆಗಿಳಿದ. ಜೋಲೀನ್ ತಾಯಿಯ ಒತ್ತುಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ ಬಂದಳು.

"ಇಲ್ದೆ ಇದ್ರೆ?" ಎಂದು ಆರ್ಡೆಲ್ ಒಮ್ಮೆ ನಿಂತು ಕೇಳಿದ.

"ಇದ್ರೆ ಅನ್ನು ಮಾವ," ಎಂದಳು ಜೋಲೀನ್.

ತಿರುವು ದಾಟಿದರೆ ಬಂಡೆ, ಬಂಡೆಯ ಬುಡದಲ್ಲಿ ಒರತೆ. ಒರತೆಯ ಸುತ್ತ ಕೆಂಪು ಕಂದು ತೊಗಟೆಯ ಮರಗಳು ಗುಂಪಾಗಿ ನಿಂತಿದ್ದವು. ಒಂದಲ್ಲ, ಲೆಕ್ಕವಿಲ್ಲದಷ್ಟು. ಗರಗಸದಂಚಿನ ಪುಟ್ಟ ಎಲೆಗಳು ಮೇ ತಿಂಗಳ ಬಿಸಿಲಲ್ಲಿ ಹೊಳೆಯುತ್ತಿದ್ದವು. ಮಾರಿಟ್ ಕಾಂಡದ ಮೇಲೆ ಅಂಗೈ ಇಟ್ಟು ತೊಗಟೆ ಸವರಿದಳು. ಆರ್ಡೆಲ್ ನೀರಲ್ಲೇ ನಿಂತು ಅತ್ತ, ನಾಚಿಕೆಯಿಲ್ಲದೆ ಜೋರಾಗಿ ಅತ್ತ.

"ಆ ಚೀಟಿ ಕೀಳ್ತೀರಿ ತಾನೆ?"

"ಹಳೇ ಚೀಟಿ ಕೀಳೋ ಪದ್ಧತಿ ಇಲ್ಲ ಆರ್ಡೆಲ್ ಅವ್ರೇ. ಪಕ್ಕದಲ್ಲಿ ಹೊಸದು ಅಂಟಿಸ್ತೀನಿ. ವೆರ್ಲಾ ಹೇಳಿದ್ದೇ ಸರಿ, ನಾನೇ ಕಂಡೆ ಅಂತ. ಸ್ಥಳಕ್ಕೆ ಏನು ಗುರುತು ಬರೀಲಿ?"

"ಬಂಡೆ ಅಂತ ಬರೀರಿ," ಎಂದ ಅವನು ಮೂಗೊರೆಸಿಕೊಂಡು. "ಅದನ್ನ ಎಳೆಯೋಕೆ ನಮ್ಮ ಟ್ರ್ಯಾಕ್ಟರ್‌ಗೆ ಆಗಲ್ಲ."

ಅವನೇ ಒಂದು ಕೊಂಬೆ ಕೊಯ್ದ. ಜೋಲೀನ್ ಹಲಗೆ ಬಿಚ್ಚಿದರೆ ಒಳಗೆ ಒಂದು ಹಾಳೆಯೂ ಇರಲಿಲ್ಲ. ಆರ್ಡೆಲ್ ಕೋಟಿನ ಜೇಬಿನಿಂದ ಅಂದಿನ ವಾರಪತ್ರಿಕೆ ತೆಗೆದು ನಡುವಿನ ಪುಟ ಬಿಡಿಸಿದ. ಅದರಲ್ಲಿ ಕಮರಿಗೆ ಹೋಗುವಾಗಿನ ಟೋಪಿ ಹಾಕಿಕೊಂಡು ಗದರುವ ಹಾಗೆ ನೋಡುತ್ತಿದ್ದ ವೆರ್ಲಾಳ ಚಿತ್ರವಿತ್ತು, ಕೆಳಗೆ ಹುಟ್ಟಿದ ದಿನ, ಸತ್ತ ದಿನ. ಕೊಂಬೆಯನ್ನು ಚಿತ್ರದ ಮೇಲೆ ಮಲಗಿಸಿ, ಎಲೆಗಳು ಮಡಚದಂತೆ ಒಂದೊಂದನ್ನೇ ಹರಡಿ, ಹಾಳೆ ಮುಚ್ಚಿದ. ಹಲಗೆಯ ಮೇಲೆ ಮಂಡಿಯೂರಿ ಪಟ್ಟಿಯನ್ನು ಬಿಗಿಯಾಗಿ ಎಳೆದ.