ಕುಣಿಗಲ್ ದಾರಿಗೆ ಆರಿಸಿದ ಪುಸ್ತಕಗಳು

ನಮ್ಮ ನೆರೆಮನೆಯ ರೋಷನ್ ಬೀ ಕನ್ನಡ ಓದಲು ಕಲಿಯಹೊರಟದ್ದು ಮೊಮ್ಮಗಳಿಂದಾಗಿ. ರಂಜಾನಿಗೆ ಕುಣಿಗಲ್‌ನಿಂದ ಬಂದಿದ್ದ ಮುನ್ನಿ ಶಾಲೆಯ ಪುಸ್ತಕ ಮುಂದಿಟ್ಟು ಪಾಠ ಓದಿ ಹೇಳು ಎಂದಿದ್ದಳು. ಉರ್ದು ಸರಾಗವಾಗಿ ಓದುವ ರೋಷನ್ ಬೀ ತಮಗೆ ಕನ್ನಡ ಓದಲು ಬರುವುದಿಲ್ಲ ಎಂದಾಗ ಮಗು ಪುಸ್ತಕ ಎತ್ತಿಕೊಂಡು ಹೊರಟುಹೋಯಿತು. ಮತ್ತೆ ಕೇಳಲಿಲ್ಲ. ಅವರನ್ನು ಚುಚ್ಚಿದ್ದು ಅದೇ. ಮರುವಾರ ಸ್ಲೇಟು ಹಿಡಿದು ನನ್ನ ಮನೆಗೆ ಬಂದರು.

ಅಕ್ಷರ, ಕಾಗುಣಿತ ಬೇಗ ಬಂದವು. ಸಾಲು ಓದುವಾಗ ಮಾತ್ರ ಎಡವುತ್ತಿದ್ದರು. ಎಂಬತ್ಮೂರರ ದಸರಾ ರಜೆಯಲ್ಲಿ ಅವರ ಮಗ ಮುಖ್ತಾರ್ ಅಹಮದ್ ತಾಯಿಯನ್ನು ಕಾರಿನಲ್ಲಿ ಕುಣಿಗಲ್‌ಗೆ ಕರೆದೊಯ್ಯುವುದೆಂದಾಯಿತು. ಗುಬ್ಬಿಯಲ್ಲಿ ಅವನಿಗೆ ಕೆಲಸವಿತ್ತು, ಕಡಬ ರೋಷನ್ ಬೀ ಅವರ ತವರು, ಹೀಗಾಗಿ ಸುತ್ತುದಾರಿ. ಮುನ್ನಿಯ ಎದುರಿಗೆ ಓದಿ ತೋರಿಸಬೇಕು, ನೀನೂ ಬಾ ಎಂದು ನನ್ನನ್ನೂ ಹೊರಡಿಸಿದರು.

ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕು ಎಂಬುದು ನನ್ನ ಪದ್ಧತಿ. ಕಣ್ಣಿಗೆ ಕಾಣುವ ಊರೇ ಪುಟದಲ್ಲೂ ಇದ್ದರೆ ಓದು ಸಲೀಸಾದೀತು ಎಂದುಕೊಂಡು ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಕೂತು ಆರಿಸಿದೆ. ದೇವರಾಯನದುರ್ಗದ ಪುಸ್ತಕ ಚೆನ್ನಾಗಿತ್ತು, ಆದರೆ ನಮ್ಮ ದಾರಿಯಲ್ಲಿ ಆ ಬೆಟ್ಟ ಬರುವುದಿಲ್ಲವೆಂದು ಬಿಟ್ಟೆ. ಒತ್ತಕ್ಷರ ಹೆಚ್ಚಿದ್ದವನ್ನೂ ಬಿಟ್ಟೆ. ಉಳಿದವು ಮೂರು: ಗುಬ್ಬಿಗೆ ನಾಟಕದವರ ಬದುಕಿನದು, ಕಡಬಕ್ಕೆ ಕೆರೆಗಳದು, ಕುಣಿಗಲ್‌ಗೆ ಕುದುರೆಗಳದು. ಹೊರಡುವ ಮುಂಚೆ ಮೂರನ್ನೂ ಅವರಿಗೆ ಒಂದೆರಡು ಸಲ ಓದಿ ಹೇಳಿದ್ದೆ.

ಗುಬ್ಬಿಯಲ್ಲಿ ಮುಖ್ತಾರ್ ಕೆಲಸ ಮುಗಿಸಿ ಬರುವಷ್ಟರಲ್ಲಿ ರೋಷನ್ ಬೀ ಕಾರಿನಲ್ಲೇ ಎರಡು ಪುಟ ಓದಿಬಿಟ್ಟರು. ಒಂದು ತಪ್ಪಿಲ್ಲ. ನಾನು ಮುಂದಿನ ಸೀಟಿನಲ್ಲಿ ಬೀಗುತ್ತಾ ಕೂತಿದ್ದೆ.

ಕಡಬದಲ್ಲಿ ಅವರ ಅಣ್ಣನ ಮನೆಯಲ್ಲಿ ಊಟವಾದ ಮೇಲೆ ಕೆರೆ ಏರಿಯ ಮೇಲೆ ಕೂತೆವು. ಅವರು ಎರಡನೇ ಪುಸ್ತಕ ತೆರೆದರು. "ಕೆರೆ ಕಟ್ಟಿಸಿದವರು ಮೊದಲು ನೋಡುತ್ತಿದ್ದುದು ನೀರು ಎಲ್ಲಿಂದ ಬರುತ್ತದೆ ಎಂಬುದನ್ನು..." ದನಿ ನೀರು ಹರಿದಂತೆ ಹರಿಯಿತು. ಸುಮ್ಮನೆ ಬಗ್ಗಿ ನೋಡಿದೆ. ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕದ ಅಭ್ಯಾಸ. ಅವರು ಹಿಂದಿನ ರಟ್ಟಿನ ಕಡೆಯಿಂದ ತೆರೆದಿದ್ದರು. ಅವರ ಬೆರಳು ಸಾಗುತ್ತಿದ್ದದ್ದು ಕೊನೆಯ ಪುಟದ ಮೇಲೆ. ಅಲ್ಲಿದ್ದದ್ದು ಹೂಳೆತ್ತುವ ವಿಷಯ. ಬಾಯಲ್ಲಿ ಬರುತ್ತಿದ್ದದ್ದು ಮೊದಲನೆಯ ಪುಟ.

ನಾನು ಪುಸ್ತಕವನ್ನು ತಿರುಗಿಸಿ ಮೊದಲ ಪುಟ ತೆರೆದಿಟ್ಟೆ. ಅವರಿಗೆ ಅರ್ಥವಾಯಿತು.

"ನೀನು ಓದಿ ಹೇಳಿದ್ಯಲ್ಲಮ್ಮ, ಕಿವೀಲೇ ಉಳ್ಕೊಂಬುಡ್ತು," ಎಂದರು. "ಮೋಸ ಮಾಡ್ಬೇಕು ಅಂತಲ್ಲ ಕಣೇ ಉಮಾ. ಕೆರೆ ಕಂಡ ತಕ್ಷಣ ಮಾತು ಬಂದ್ಬುಡುತ್ತೆ. ಅಕ್ಷರದ ಹತ್ರ ಹೋಗೋಕೇ ಬಿಡಲ್ಲ."

ಚಿಕ್ಕವಯಸ್ಸಿನಲ್ಲಿ ಅರಬ್ಬಿಯ ಪಾಠಗಳನ್ನೆಲ್ಲ ಕೇಳಿ ಕೇಳಿಯೇ ಬಾಯಿಪಾಠ ಮಾಡಿದವರು ಅವರು. ಊರಿಗೆ ತಕ್ಕ ಪುಸ್ತಕವೆಂದು ನಾನು ಆರಿಸಿದ್ದು ಅವರ ನೆನಪಿಗೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿತ್ತು. ಓದಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಮುಖ್ತಾರ್ ನಕ್ಕ. "ಬಿಡಿ ಟೀಚರ್, ಕುದುರೆ ಪುಸ್ತಕಾನೂ ಬಾಯಿಗೆ ಬರುತ್ತೆ ಅಮ್ಮಿಗೆ. ಮುನ್ನಿಗೇನು ಗೊತ್ತಾಗುತ್ತೆ?"

ರೋಷನ್ ಬೀ ಪುಸ್ತಕ ಮುಚ್ಚಿ ಎದ್ದರು. ಅಲ್ಲಿಂದ ಕುಣಿಗಲ್‌ವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತರು. ನನಗೂ ಅವನ ಮಾತು ತಪ್ಪೆನಿಸಲಿಲ್ಲ. ಮಗು ಖುಷಿಪಡಲಿ, ಓದು ನಿಧಾನವಾಗಿ ಬರಲಿ ಎಂದೇ ಯೋಚಿಸುತ್ತಿದ್ದೆ.

ರೋಷನ್ ಬೀ ಅವರ ಮಗಳು, ಮುನ್ನಿಯ ತಾಯಿ ಕುಲ್ಸುಂ ಬೀಯ ಮನೆಯಲ್ಲಿ ಟೀ ಆಯಿತು. ಮುಖ್ತಾರ್ ಕುದುರೆ ಪುಸ್ತಕ ತಂದು ತಾಯಿಯ ಮಡಿಲಲ್ಲಿಟ್ಟು, ನಾನಿ ಓದ್ತಾರೆ ಬಾ ಎಂದು ಸೋದರಸೊಸೆಯನ್ನು ಕೂಗಿದ. ಮುನ್ನಿ ಬಂದು ಸ್ವಲ್ಪ ದೂರವೇ ನಿಂತಳು. ರಟ್ಟಿನ ಮೇಲಿನ ಕುದುರೆಯನ್ನು ರೋಷನ್ ಬೀ ಒಮ್ಮೆ ಸವರಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

"ನಿನ್ನ ಸ್ಕೂಲ್ ಪುಸ್ತಕ ತಗೊಂಡ್ ಬಾ ಮುನ್ನಿ," ಎಂದರು. "ನಾನು ನೋಡ್ದೇ ಇರೋದು ಯಾವುದಾದ್ರೂ ತೆಗಿ."

ಮುನ್ನಿ ನಂಬಿಕೆಯಿಲ್ಲದೆ ಪುಸ್ತಕ ತಂದು ಹಡಗಿನ ಪಾಠ ತೆಗೆದಳು. ರೋಷನ್ ಬೀ ಸಮುದ್ರ ಕಂಡವರಲ್ಲ. ಕನ್ನಡಕ ಸರಿಮಾಡಿಕೊಂಡು ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. "ಹ... ಡ... ಗು." ಸ್ವಲ್ಪ ತಡೆದು, "ಹಡಗು ಬ... ದ..." ಎಂದರು.

"ಬದ ಅಲ್ಲ ನಾನಿ, ಸೊನ್ನೆ ಇದೆ ನೋಡು," ಎಂದಳು ಮುನ್ನಿ.

"ಬಂ... ದರು. ಬಂದರು ಬಿ... ಟ್ಟಿತು."

ಮುನ್ನಿ ಹತ್ತಿರ ಬಂದು ಅವರ ತೊಡೆಗೆ ಒರಗಿ ಕೂತಳು. ಒಂದು ಸಾಲಿಗೆ ಹಿಡಿದ ಹೊತ್ತಿನಲ್ಲಿ ನಾನು ಒಂದು ಪುಟ ಓದಬಹುದಿತ್ತು. ಎಲ್ಲೋ ಒಂದು ಕಡೆ ದೀರ್ಘ ಬಿಟ್ಟರು, ತಾವೇ ಹಿಂದಕ್ಕೆ ಹೋಗಿ ತಿದ್ದಿದರು. ಬಾಯಿ ತುಂಬ ನೆನಪಿದ್ದಾಗ ಅವರು ಒಮ್ಮೆಯೂ ಹಿಂದಕ್ಕೆ ಹೋಗಿರಲಿಲ್ಲ. ಒಳಗಿನಿಂದ ಕುಲ್ಸುಂ ಬೀ ಊಟಕ್ಕೆ ಕರೆದಳು. ಮುಂದೇನಾಯಿತೋ ನೋಡುವ ಆತುರಕ್ಕೆ ಮುನ್ನಿ ಹಾಳೆ ತಿರುವಲು ಕೈ ಹಾಕಿದಳು.

ರೋಷನ್ ಬೀ ಆ ಪುಟ್ಟ ಕೈಯನ್ನು ಹಿಡಿದುಕೊಂಡರು. "ತಾಳೇ, ಈ ಪುಟ ಇನ್ನೂ ಇದೆ."